ಕಪ್ಪುಹಲಗೆಯ ಚಿತ್ರವೂ ಮೀಥೇನಿನ ನಿಜವಾದ ಆಕಾರವೂ

ಮೀಥೇನಿನ ರಚನೆಯನ್ನು ಬರೆದು ತೋರಿಸಿ ಎಂದರೆ ಹೆಚ್ಚಿನವರು ನಡುವೆ ಒಂದು ‘ಸಿ’ ಬರೆದು, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು ಗೆರೆ ಎಳೆದು, ಪ್ರತಿ ಗೆರೆಯ ತುದಿಗೂ ಒಂದು ‘ಎಚ್’ ಇಡುತ್ತಾರೆ. ನೋಡಲು ಅದು ಗಣಿತದ ಕೂಡುವ ಚಿಹ್ನೆಯ ಹಾಗಿರುತ್ತದೆ. ವಿದ್ಯಾರ್ಥಿಯಾಗಿದ್ದಾಗ ನಾನೂ ಹಾಗೆಯೇ ಬರೆದಿದ್ದೇನೆ, ಪೂರ್ಣ ಅಂಕಗಳನ್ನೂ ಪಡೆದಿದ್ದೇನೆ. ಆ ಚಿತ್ರ ಹೇಳುವ ಒಂದು ಮಾತು ನಿಜ: ನಾಲ್ಕು ಜಲಜನಕ ಪರಮಾಣುಗಳೂ ನೇರವಾಗಿ ಒಂದೇ ಇಂಗಾಲಕ್ಕೆ ಅಂಟಿಕೊಂಡಿವೆ, ಜಲಜನಕ ಜಲಜನಕಗಳ ನಡುವೆ ಬಂಧವಿಲ್ಲ. ಆದರೆ ಅವು ಯಾವ ದಿಕ್ಕಿಗೆ ಚಾಚಿಕೊಂಡಿವೆ ಎಂಬ ಪ್ರಶ್ನೆಗೆ ಆ ಚಿತ್ರ ಕೊಡುವ ಉತ್ತರ ತಪ್ಪು. ಕಾಗದ ಚಪ್ಪಟೆಯಾಗಿದೆ ಎಂಬ ಒಂದೇ ಕಾರಣಕ್ಕೆ ಚಿತ್ರವೂ ಚಪ್ಪಟೆಯಾಗಿದೆ. ಅಣು ಚಪ್ಪಟೆಯಲ್ಲ.

ಹೈಡ್ರೋಕಾರ್ಬನ್‌ಗಳಲ್ಲೆಲ್ಲ ಅತ್ಯಂತ ಸರಳವಾದ ಈ ಅನಿಲದ ಬಗ್ಗೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಅದರ ಅಣುವಿನಲ್ಲಿ ಯಾವ ಪರಮಾಣುಗಳು ಎಷ್ಟೆಷ್ಟಿವೆ ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಅಣುಸೂತ್ರ, ಸಿಎಚ್₄. ಆ ಐದು ಪರಮಾಣುಗಳು ಮೂರು ಆಯಾಮಗಳ ಅವಕಾಶದಲ್ಲಿ ಹೇಗೆ ನಿಂತಿವೆ ಎಂಬುದು ಎರಡನೆಯದು. ಅದಕ್ಕೆ ಉತ್ತರ ರಚನೆ. ಮೊದಲ ಪ್ರಶ್ನೆಯನ್ನು ಅಳತೆಯ ಕೊಳವೆಯಿಂದ ಬಗೆಹರಿಸಬಹುದು. ಎರಡನೆಯದನ್ನು ಬಗೆಹರಿಸಿದ್ದು ಮಾತ್ರ ವಿಚಿತ್ರವಾದ ದಾರಿಯಲ್ಲಿ: ಅಣುವನ್ನು ಯಾರೂ ಕಾಣದೆ ಇದ್ದ ಕಾಲದಲ್ಲಿ, ಎಷ್ಟು ಹುಡುಕಿದರೂ ಸಿಗದ ಒಂದು ವಸ್ತುವಿನ ಆಧಾರದ ಮೇಲೆ, ಬರಿಯ ತರ್ಕದಿಂದ. ನನ್ನನ್ನು ಈ ವಿಷಯಕ್ಕೆ ಮತ್ತೆ ಮತ್ತೆ ಎಳೆದು ತರುವುದು ಅದೇ.

ಮೊದಲು ಸೂತ್ರದ ಕಥೆ. 1776ರ ನವೆಂಬರಿನಲ್ಲಿ ಅಲೆಸ್ಸಾಂಡ್ರೊ ವೋಲ್ಟಾ ಅವರು ಉತ್ತರ ಇಟಲಿಯ ಮಾಜೋರೆ ಸರೋವರದ ದಡದ ಜೌಗಿನಲ್ಲಿ ಕೋಲಿನಿಂದ ಕೆಸರನ್ನು ಕದಡಿ, ಮೇಲೆದ್ದ ಗುಳ್ಳೆಗಳನ್ನು ನೀರು ತುಂಬಿ ಬೋರಲು ಹಾಕಿದ ಪಾತ್ರೆಯಲ್ಲಿ ಹಿಡಿದರು. ಆ ಗಾಳಿ ಹೊತ್ತಿಕೊಂಡು ನೀಲಿ ಜ್ವಾಲೆಯಾಗಿ ಉರಿಯಿತು. ಲೋಹವನ್ನು ಆಮ್ಲದಲ್ಲಿ ಹಾಕಿದಾಗ ಬರುವ ಉರಿಯುವ ಗಾಳಿ, ಅಂದರೆ ಜಲಜನಕ, ಆಗಲೇ ತಿಳಿದಿತ್ತು. ಇದು ಅದಲ್ಲ ಎಂಬುದನ್ನು ವೋಲ್ಟಾ ಗುರುತಿಸಿದರು. ಸಮ ಗಾತ್ರದ ಜಲಜನಕಕ್ಕಿಂತ ಇದಕ್ಕೆ ಉರಿಯಲು ಹೆಚ್ಚು ಗಾಳಿ ಬೇಕಾಗುತ್ತಿತ್ತು. ಬಹಳ ಕಾಲ ಇದಕ್ಕೆ ‘ಜೌಗು ಅನಿಲ’ ಎಂಬ ಹೆಸರೇ ಉಳಿಯಿತು. ಗಾಳಿ ಸೋಕದ ಕೆಸರಿನಲ್ಲಿ ಸತ್ತ ಸಸ್ಯಗಳು ಕೊಳೆಯುವಾಗ ಸೂಕ್ಷ್ಮಜೀವಿಗಳು ಇದನ್ನು ಉತ್ಪಾದಿಸುತ್ತವೆ ಎಂಬ ತಿಳಿವಳಿಕೆ ಬಂದದ್ದು ಎಷ್ಟೋ ಕಾಲದ ಅನಂತರ.

ಸೂತ್ರ ಸಿಎಚ್₄ ಎಂದು ಹೇಗೆ ಗೊತ್ತಾಗುತ್ತದೆ? ಇದನ್ನು ಬಾಯಿಪಾಠವಾಗಿ ಒಪ್ಪಿಕೊಳ್ಳುವ ಬದಲು ಒಮ್ಮೆ ಲೆಕ್ಕ ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ಆ ಲೆಕ್ಕ ತುಂಬ ಸುಂದರವಾಗಿದೆ. ಒಂದು ತುದಿ ಮುಚ್ಚಿರುವ, ಅಳತೆಯ ಗೆರೆಗಳಿರುವ ದಪ್ಪ ಗಾಜಿನ ಕೊಳವೆಯನ್ನು ಪಾದರಸದ ಬಟ್ಟಲಿನಲ್ಲಿ ಬೋರಲು ನಿಲ್ಲಿಸಿ, ಒಳಗೆ 10 ಮಿಲಿಲೀಟರ್ ಮೀಥೇನನ್ನೂ 30 ಮಿಲಿಲೀಟರ್ ಆಮ್ಲಜನಕವನ್ನೂ ಸೇರಿಸಿ, ಮೇಲಿನ ತುದಿಯಲ್ಲಿ ಬೆಸೆದಿರುವ ಎರಡು ತಂತಿಗಳ ನಡುವೆ ವಿದ್ಯುತ್ ಕಿಡಿ ಹಾರಿಸುತ್ತಾರೆ. ಕೊಳವೆಯೊಳಗೆ ಒಂದು ಕ್ಷಣ ಮಿಂಚಿದಂತಾಗುತ್ತದೆ; ಆಮೇಲೆ ಗಾಜು ತಣ್ಣಗಾದಂತೆ ಒಳಗೋಡೆಯ ಮೇಲೆ ತೆಳುವಾದ ಇಬ್ಬನಿ ಕೂರುತ್ತದೆ, ಪಾದರಸ ಮೆಲ್ಲಗೆ ಮೇಲೇರುತ್ತದೆ. 40 ಮಿಲಿಲೀಟರ್ ಇದ್ದ ಅನಿಲ ಈಗ 20 ಆಗಿದೆ. ಕ್ಷಾರದ ದ್ರಾವಣವನ್ನು ಒಳಗೆ ಬಿಟ್ಟರೆ ಅದರಲ್ಲಿ 10 ಮಿಲಿಲೀಟರ್ ಹೀರಿಹೋಗುತ್ತದೆ. ಅದು ಇಂಗಾಲದ ಡೈಆಕ್ಸೈಡ್. ಉಳಿದ 10 ಮಿಲಿಲೀಟರ್ ಬಳಕೆಯಾಗದ ಆಮ್ಲಜನಕ.

ಅಂದರೆ ಖರ್ಚಾದ ಆಮ್ಲಜನಕ 20 ಮಿಲಿಲೀಟರ್. ಒಂದೇ ಉಷ್ಣತೆ ಮತ್ತು ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಸಮ ಸಂಖ್ಯೆಯ ಅಣುಗಳಿರುತ್ತವೆ ಎಂದು ಅವೊಗಾಡ್ರೊ 1811ರಲ್ಲಿ ಹೇಳಿದ ಮಾತನ್ನು ಇಲ್ಲಿ ಅನ್ವಯಿಸಿದರೆ ಸಾಕು. 10 ಗಾತ್ರ ಮೀಥೇನಿನಿಂದ 10 ಗಾತ್ರ ಇಂಗಾಲದ ಡೈಆಕ್ಸೈಡ್ ಬಂದಿರುವುದರಿಂದ, ಮೀಥೇನಿನ ಪ್ರತಿ ಅಣುವಿನಲ್ಲೂ ಇಂಗಾಲದ ಪರಮಾಣು ಒಂದೇ ಒಂದು. ಆ 10 ಗಾತ್ರ ಇಂಗಾಲದ ಡೈಆಕ್ಸೈಡಿಗೆ 10 ಗಾತ್ರ ಆಮ್ಲಜನಕ ಹೋಗಿದೆ. ಮಿಕ್ಕ 10 ಗಾತ್ರ ಆಮ್ಲಜನಕ ನೀರಾಗಿದೆ. ನೀರಾಗುವಾಗ ಒಂದು ಗಾತ್ರ ಆಮ್ಲಜನಕಕ್ಕೆ ಎರಡು ಗಾತ್ರ ಜಲಜನಕ ಬೇಕಾದ್ದರಿಂದ, 10 ಗಾತ್ರ ಮೀಥೇನಿನಲ್ಲಿ 20 ಗಾತ್ರ ಜಲಜನಕಕ್ಕೆ ಸಮನಾದಷ್ಟು ಜಲಜನಕ ಅಡಗಿತ್ತು ಎಂದಾಯಿತು. ಜಲಜನಕದ ಒಂದು ಅಣುವಿನಲ್ಲಿ ಎರಡು ಪರಮಾಣುಗಳು. ಆದ್ದರಿಂದ ಮೀಥೇನಿನ ಒಂದು ಅಣುವಿಗೆ ನಾಲ್ಕು. ಒಂದು ಇಂಗಾಲ, ನಾಲ್ಕು ಜಲಜನಕ. ಗಾಜಿನ ಮೇಲಿನ ಇಬ್ಬನಿಯಿಂದ ಹೊರಟು ಸಿಎಚ್₄ಕ್ಕೆ ಬಂದು ಮುಟ್ಟಿದೆವು. ಈ ಅನಿಲ ಜಲಜನಕಕ್ಕಿಂತ ಎಂಟು ಪಟ್ಟು ಸಾಂದ್ರವಾಗಿದೆ ಎಂಬ ಅಳತೆ ಇದನ್ನೇ ಇನ್ನೊಂದು ಕಡೆಯಿಂದ ಸಮರ್ಥಿಸುತ್ತದೆ: ಅಣುತೂಕ 16, ಅದರಲ್ಲಿ ಇಂಗಾಲದ್ದು 12, ಜಲಜನಕದ್ದು 4.

ಇಷ್ಟು ಸರಳವಾಗಿ ಕಾಣುವ ಈ ಲೆಕ್ಕ ಎಲ್ಲರಿಗೂ ಒಪ್ಪಿಗೆಯಾಗಲು ಅರ್ಧ ಶತಮಾನವೇ ಬೇಕಾಯಿತು. ಜಾನ್ ಡಾಲ್ಟನ್ ಅವರು 1804ರಲ್ಲಿ ಜೌಗು ಅನಿಲವನ್ನೂ ಇಂದು ಎಥಿಲೀನ್ ಎಂದು ಕರೆಯುವ ಅನಿಲವನ್ನೂ ಹೋಲಿಸಿ ನೋಡಿ, ಒಂದೇ ತೂಕದ ಇಂಗಾಲಕ್ಕೆ ಮೊದಲನೆಯದರಲ್ಲಿ ಎರಡನೆಯದರ ಸರಿಯಾಗಿ ಎರಡು ಪಟ್ಟು ಜಲಜನಕವಿದೆ ಎಂದು ಕಂಡುಕೊಂಡರು. ಪರಮಾಣುಗಳು ಬಿಡಿಬಿಡಿಯಾಗಿ, ಪೂರ್ಣ ಸಂಖ್ಯೆಗಳಲ್ಲೇ ಕೂಡುತ್ತವೆ ಎಂಬ ಅವರ ವಾದಕ್ಕೆ ಇದು ದೊಡ್ಡ ಬಲ ಕೊಟ್ಟಿತು. ಆದರೆ ಅವರು ಜೌಗು ಅನಿಲದಲ್ಲಿ ಒಂದು ಇಂಗಾಲಕ್ಕೆ ಎರಡೇ ಜಲಜನಕ ಎಂದು ಬರೆದರು; ನೀರಿನಲ್ಲಿ ಒಂದು ಆಮ್ಲಜನಕಕ್ಕೆ ಒಂದೇ ಜಲಜನಕ ಎಂದು ಅವರು ನಂಬಿದ್ದರಿಂದ ಪರಮಾಣುಗಳ ತೂಕಗಳೇ ಬೇರೆಯಾಗಿದ್ದವು. ಮುಂದೆ ಇಂಗಾಲದ ತೂಕವನ್ನು 6 ಎಂದು ಹಿಡಿದವರು ಇದೇ ಅನಿಲವನ್ನು ಸಿ₂ಎಚ್₄ ಎಂದು ಬರೆದರು. ಇಂದು ಆ ಸೂತ್ರ ಎಥಿಲೀನಿನದು. ಒಂದೇ ಪುಟದಲ್ಲಿ ಒಂದೇ ಸೂತ್ರ ಇಬ್ಬರಿಗೆ ಎರಡು ವಸ್ತುಗಳಾಗಿ ಕಾಣುತ್ತಿದ್ದ ಆ ಗೊಂದಲವನ್ನು ಇಟಲಿಯ ರಸಾಯನಶಾಸ್ತ್ರಜ್ಞ ಕಾನಿಝಾರೊ ಅವರು 1858ರ ಬರಹದಲ್ಲಿ ಬಿಡಿಸಿದರು. 1860ರ ಕಾರ್ಲ್ಸ್‌ರೂಹೆ ಸಮ್ಮೇಳನದ ಅನಂತರ ಇಂಗಾಲಕ್ಕೆ 12 ಎಂಬ ತೂಕ ಕ್ರಮೇಣ ನೆಲೆಯಾಯಿತು. ಸೂತ್ರವೆಂಬುದು ಪ್ರಕೃತಿ ತಾನಾಗಿ ಬರೆದಿಟ್ಟ ಅಕ್ಷರವಲ್ಲ, ಅಳತೆಗಳ ಮೇಲೆ ಕಟ್ಟಿದ ತೀರ್ಮಾನ ಎಂಬುದು ಈ ಚರಿತ್ರೆಯಲ್ಲಿ ಎದ್ದು ಕಾಣುವುದರಿಂದ ಇದನ್ನು ಹೇಳಿದೆ.

ಒಂದು ಇಂಗಾಲ ನಾಲ್ಕು ಕೈಗಳುಳ್ಳದ್ದು, ಅದರ ವೇಲೆನ್ಸಿ ನಾಲ್ಕು ಎಂಬ ವಿಚಾರವನ್ನು ಜರ್ಮನ್ ರಸಾಯನಶಾಸ್ತ್ರಜ್ಞ ಕೆಕುಲೆ 1857–58ರಲ್ಲಿ ಮುಂದಿಟ್ಟರು. ಅದೇ 1858ರಲ್ಲಿ ಆರ್ಚಿಬಾಲ್ಡ್ ಕೂಪರ್ ಸ್ವತಂತ್ರವಾಗಿ ಅದೇ ಮಾತನ್ನು ಹೇಳಿದರು. ಆ ಕೈ ಎಂದರೇನು ಎಂಬುದಕ್ಕೆ ಉತ್ತರ ಬಂದದ್ದು 1916ರಲ್ಲಿ. ಇಂಗಾಲದ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನ್‌ಗಳಿವೆ, ಪ್ರತಿ ಜಲಜನಕದಲ್ಲಿ ಒಂದಿದೆ. ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನ್‌ಗಳನ್ನು ಹಂಚಿಕೊಳ್ಳುವುದೇ ಬಂಧ ಎಂದು ಗಿಲ್ಬರ್ಟ್ ಲೂಯಿಸ್ ವಿವರಿಸಿದರು. ಮೀಥೇನಿನಲ್ಲಿ ಹೀಗೆ ನಾಲ್ಕು ಜೊತೆ. ನಾವು ಎಳೆಯುವ ಪ್ರತಿ ಗೆರೆಯೂ ಒಂದು ಜೊತೆ ಎಲೆಕ್ಟ್ರಾನ್‌ಗಳ ಗುರುತು.

ಈಗ ಆಕಾರಕ್ಕೆ ಬರೋಣ. 1865ರ ಏಪ್ರಿಲ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಆಗಸ್ಟ್ ವಿಲ್ಹೆಲ್ಮ್ ಹೋಫ್‌ಮನ್ ಅವರು ಒಂದು ಸಂಜೆ ಉಪನ್ಯಾಸ ಕೊಡುತ್ತ, ಕ್ರೋಕೆ ಆಟದ ಮರದ ಚೆಂಡುಗಳಿಗೆ ಬಣ್ಣ ಬಳಿದು ಕಡ್ಡಿಗಳಿಂದ ಜೋಡಿಸಿ ಅಣುಗಳ ಮಾದರಿಗಳನ್ನು ತೋರಿಸಿದರು. ಇಂಗಾಲಕ್ಕೆ ಕಪ್ಪು, ಜಲಜನಕಕ್ಕೆ ಬಿಳಿ, ಆಮ್ಲಜನಕಕ್ಕೆ ಕೆಂಪು, ಸಾರಜನಕಕ್ಕೆ ನೀಲಿ, ಕ್ಲೋರಿನ್‌ಗೆ ಹಸಿರು: ಇಂದಿಗೂ ಪ್ರಯೋಗಾಲಯದ ಮಾದರಿಗಳಲ್ಲಿ ನಡೆದುಬಂದಿರುವ ಬಣ್ಣಗಳು ಇವೇ. ಮೀಥೇನ್ ಎಂಬ ಹೆಸರನ್ನು ಮರುವರ್ಷ ಸೂಚಿಸಿದವರೂ ಅವರೇ. ಆದರೆ ಅಂದು ಅವರು ತೋರಿಸಿದ ಮೀಥೇನ್ ಚಪ್ಪಟೆ. ಕಪ್ಪು ಚೆಂಡು ನಡುವೆ, ನಾಲ್ಕು ಬಿಳಿ ಚೆಂಡುಗಳು ಅದರ ಸುತ್ತ ಒಂದೇ ಸಮತಲದಲ್ಲಿ. ಯಾವುದು ಯಾವುದಕ್ಕೆ ಜೋಡಿದೆ ಎಂಬುದನ್ನು ತೋರಿಸುವುದಷ್ಟೇ ಅವರ ಉದ್ದೇಶವಾಗಿದ್ದುದರಿಂದ ಅದರಲ್ಲಿ ಅವರ ತಪ್ಪೇನೂ ಇಲ್ಲ. ಅವಕಾಶದಲ್ಲಿ ಪರಮಾಣುಗಳ ಸ್ಥಾನವನ್ನು ತಿಳಿಯಬಹುದೆಂಬ ಭರವಸೆಯೇ ಆಗ ಬಹುಮಂದಿಗೆ ಇರಲಿಲ್ಲ.

ಚಪ್ಪಟೆಯ ಮಾದರಿ ಸರಿಯೇ ಎಂದು ಪರೀಕ್ಷಿಸಲು ಒಂದು ಉಂಡೆ ಜೇಡಿಮಣ್ಣು ಮತ್ತು ನಾಲ್ಕು ಬೆಂಕಿಕಡ್ಡಿಗಳು ಸಾಕು. ಈ ವಿಷಯದ ಬಗ್ಗೆ ನಾನು ಕೊಟ್ಟ ಒಂದು ಉಪನ್ಯಾಸದಲ್ಲಿ ಮೇಜಿನ ಮೇಲೆ ಮಾಡಿ ತೋರಿಸಿದ್ದನ್ನು ಇಲ್ಲಿ ಬರಹದಲ್ಲಿ ಹೇಳುತ್ತೇನೆ. ಓದುವವರು ಕೈಯಾರೆ ಮಾಡಿ ನೋಡಿದರೆ ಇನ್ನೂ ಚೆನ್ನ. ಮಣ್ಣಿನ ಉಂಡೆಗೆ ನಾಲ್ಕು ಕಡ್ಡಿಗಳನ್ನು ಕೂಡುವ ಚಿಹ್ನೆಯಂತೆ ಒಂದೇ ಮಟ್ಟದಲ್ಲಿ ಚುಚ್ಚಿ, ತುದಿಗಳಿಗೆ ಪುಟ್ಟ ಬಿಳಿ ಉಂಡೆಗಳನ್ನು ಸಿಕ್ಕಿಸಿ. ಈಗ ಎರಡು ಬಿಳಿ ಉಂಡೆಗಳನ್ನು ತೆಗೆದು ಅವುಗಳ ಜಾಗದಲ್ಲಿ ಹಸಿರು ಉಂಡೆಗಳನ್ನು ಇಡಬೇಕು. ಮೀಥೇನಿನ ಎರಡು ಜಲಜನಕಗಳ ಸ್ಥಾನಕ್ಕೆ ಎರಡು ಕ್ಲೋರಿನ್‌ಗಳು ಬಂದಾಗ ಆಗುವ ಡೈಕ್ಲೋರೋಮೀಥೇನ್ ಇದು. ಮೀಥೇನ್ ಮತ್ತು ಕ್ಲೋರಿನ್‌ಗಳನ್ನು ಬೆರೆಸಿ ಬೆಳಕಿಗೆ ಒಡ್ಡಿದಾಗ ಒಂದು, ಎರಡು, ಮೂರು, ನಾಲ್ಕು ಕ್ಲೋರಿನ್‌ಗಳುಳ್ಳ ವಸ್ತುಗಳೆಲ್ಲ ಹುಟ್ಟುತ್ತವೆ, ಅವುಗಳಲ್ಲಿ ಇದೂ ಒಂದು. ಚಪ್ಪಟೆಯ ಮಾದರಿಯಲ್ಲಿ ಹಸಿರು ಉಂಡೆಗಳನ್ನು ಇಡಲು ಎರಡು ಬೇರೆ ಬೇರೆ ರೀತಿಗಳಿವೆ. ಎರಡೂ ಅಕ್ಕಪಕ್ಕದಲ್ಲಿ ಇರಬಹುದು, ಇಲ್ಲವೇ ಎದುರುಬದುರಾಗಿ ಇರಬಹುದು. ಮಾದರಿಯನ್ನು ಎಷ್ಟೇ ತಿರುಗಿಸಿದರೂ ಮಗುಚಿದರೂ ಒಂದು ಇನ್ನೊಂದಾಗುವುದಿಲ್ಲ. ಎದುರುಬದುರಾಗಿರುವಾಗ ಎರಡು ಕ್ಲೋರಿನ್‌ಗಳ ವಿದ್ಯುತ್ ಸೆಳೆತಗಳು ಒಂದನ್ನೊಂದು ರದ್ದು ಮಾಡುತ್ತವೆ, ಅಕ್ಕಪಕ್ಕ ಇರುವಾಗ ಕೂಡುತ್ತವೆ. ಹಾಗಾಗಿ ಎರಡೂ ಬೇರೆ ಬೇರೆ ಉಷ್ಣತೆಗಳಲ್ಲಿ ಕುದಿಯುವ, ಬೇರ್ಪಡಿಸಿ ಎರಡು ಸೀಸೆಗಳಲ್ಲಿ ಇಡಬಹುದಾದ ಎರಡು ವಸ್ತುಗಳಾಗಿರಬೇಕಿತ್ತು.

ಪ್ರಯೋಗಾಲಯದಲ್ಲಿ ಸಿಗುವುದು ಒಂದೇ ಡೈಕ್ಲೋರೋಮೀಥೇನ್. ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ, ಬಣ್ಣವಿಲ್ಲದ ದ್ರವ. ಯಾವ ದಾರಿಯಿಂದ ತಯಾರಿಸಿದರೂ ಅದೇ. ಕ್ಲೋರಿನ್ನಿನ ಬದಲು ಬ್ರೋಮಿನ್ ಹಾಕಿದರೂ, ಒಂದು ಕ್ಲೋರಿನ್ ಒಂದು ಬ್ರೋಮಿನ್ ಹಾಕಿದರೂ ಒಂದೊಂದೇ ವಸ್ತು. ಎರಡನೆಯದನ್ನು ಯಾರೂ ಎಂದೂ ಕಂಡಿಲ್ಲ.

ಹಾಗಾದರೆ ಚಪ್ಪಟೆಯ ಮಾದರಿಯನ್ನು ಬಿಡಬೇಕು. ಬೇರೆ ಯಾವ ಆಕಾರ? ನಾಲ್ಕು ಕಡ್ಡಿಗಳನ್ನೂ ಒಂದೇ ಬದಿಗೆ ಬಾಗಿಸಿ, ಚೌಕ ಬುಡದ ಗೋಪುರದಂತೆ ಮಾಡಿ ತುದಿಯಲ್ಲಿ ಇಂಗಾಲವನ್ನು ಕೂರಿಸಿದರೆ? ಅಲ್ಲಿಯೂ ಅಕ್ಕಪಕ್ಕ ಮತ್ತು ಎದುರುಬದುರು ಎಂಬ ಎರಡು ರೀತಿಗಳು ಉಳಿಯುತ್ತವೆ. ಮೂರು ಕಡ್ಡಿಗಳನ್ನು ಒಂದು ರೀತಿ, ನಾಲ್ಕನೆಯದನ್ನು ಬೇರೆ ರೀತಿ ಚುಚ್ಚಿದರೆ? ಆಗ ಆ ನಾಲ್ಕನೆಯ ಸ್ಥಾನವೇ ವಿಶೇಷವಾಗಿ, ಒಂದೇ ಕ್ಲೋರಿನ್ ಇರುವ ಕ್ಲೋರೋಮೀಥೇನ್ ಕೂಡ ಎರಡಾಗಬೇಕಾಗುತ್ತದೆ. ಅದೂ ಒಂದೇ ಇದೆ. ಉಳಿಯುವ ಆಕಾರದಲ್ಲಿ ನಾಲ್ಕು ಸ್ಥಾನಗಳೂ ಸಮಾನವಾಗಿರಬೇಕು, ಮತ್ತು ಯಾವ ಎರಡನ್ನು ಆರಿಸಿದರೂ ಆ ಎರಡರ ನಡುವಿನ ಸಂಬಂಧ ಒಂದೇ ಆಗಿರಬೇಕು. ಇಷ್ಟನ್ನೂ ಪೂರೈಸುವುದು ಚತುಷ್ಫಲಕ: ನಾಲ್ಕು ಸಮಬಾಹು ತ್ರಿಕೋನಗಳಿಂದಾದ ಘನಾಕೃತಿ, ಅದರ ನಾಲ್ಕು ಮೂಲೆಗಳಲ್ಲಿ ಜಲಜನಕಗಳು, ಸರಿಯಾಗಿ ನಡುವೆ ಇಂಗಾಲ. ಮಣ್ಣಿನ ಉಂಡೆಗೆ ಕಡ್ಡಿಗಳನ್ನು ಹಾಗೆ ಚುಚ್ಚಿ ಮೇಜಿನ ಮೇಲಿಟ್ಟರೆ ಮೂರು ಕಡ್ಡಿಗಳ ಮೇಲೆ ಅದು ಮುಕ್ಕಾಲಿಯಂತೆ ನಿಲ್ಲುತ್ತದೆ, ನಾಲ್ಕನೆಯದು ನೆಟ್ಟಗೆ ಮೇಲೆ ನೋಡುತ್ತದೆ. ಯಾವ ಮೂರರ ಮೇಲೆ ನಿಲ್ಲಿಸಿದರೂ ಅದೇ ನೋಟ. ಹಸಿರು ಉಂಡೆಗಳನ್ನು ಯಾವ ಎರಡು ತುದಿಗಳಿಗೆ ಸಿಕ್ಕಿಸಿದರೂ, ಕೈಯಲ್ಲಿ ಸ್ವಲ್ಪ ತಿರುಗಿಸಿದ ಕೂಡಲೇ ಒಂದು ಇನ್ನೊಂದರ ಹಾಗೆಯೇ ಆಗುತ್ತದೆ. ಸಭೆಯ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಮಾದರಿಯನ್ನು ಕೈಗೆ ತೆಗೆದುಕೊಂಡು ಮೂರು ನಾಲ್ಕು ಬಾರಿ ಉಂಡೆಗಳನ್ನು ಬದಲಾಯಿಸಿ ನೋಡಿ, “ಬೇರೆ ಮಾಡೋಕೇ ಆಗಲ್ಲ” ಎಂದಳು. ಇಡೀ ವಾದದ ತಿರುಳು ಅವಳ ಆ ಮಾತಿನಲ್ಲಿತ್ತು.

ಸಿಕ್ಕಿಲ್ಲ ಎಂದ ಮಾತ್ರಕ್ಕೆ ಇಲ್ಲ ಎನ್ನಬಹುದೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಇಲ್ಲದಿರುವುದರ ಸಾಕ್ಷ್ಯಕ್ಕೆ ಇರುವುದರ ಸಾಕ್ಷ್ಯವೂ ಜೊತೆಯಾಗಬೇಕು, ಮತ್ತು ಇಲ್ಲಿ ಆಯಿತು. ಚತುಷ್ಫಲಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ಬೇರೆ ಬೇರೆ ಬಣ್ಣದ ಉಂಡೆಗಳನ್ನಿಟ್ಟರೆ, ಎಡಗೈ ಬಲಗೈಗಳಂತೆ ಕನ್ನಡಿಯ ಪ್ರತಿಬಿಂಬಗಳಾದ, ಆದರೆ ಒಂದರ ಮೇಲೊಂದು ಹೊಂದಿಕೂರದ ಎರಡು ರೂಪಗಳು ಬರುತ್ತವೆ. ಚಪ್ಪಟೆಯ ಮಾದರಿಯಲ್ಲಿ ಇದು ಸಾಧ್ಯವಿಲ್ಲ, ಏಕೆಂದರೆ ಚಪ್ಪಟೆಯದನ್ನು ಮಗುಚಿ ಹಾಕಿದರೆ ಅದೇ ಅದರ ಪ್ರತಿಬಿಂಬ. ಲ್ಯಾಕ್ಟಿಕ್ ಆಮ್ಲದಲ್ಲಿ ಒಂದು ಇಂಗಾಲಕ್ಕೆ ನಾಲ್ಕು ಬೇರೆ ಬೇರೆ ಗುಂಪುಗಳು ಅಂಟಿಕೊಂಡಿವೆ, ಮತ್ತು ಸೂತ್ರದಲ್ಲಿ ಒಂದೇ ಆಗಿದ್ದರೂ ಧ್ರುವೀಕೃತ ಬೆಳಕಿನ (ಒಂದೇ ಸಮತಲದಲ್ಲಿ ಕಂಪಿಸುವ ಬೆಳಕಿನ) ಮೇಲೆ ಬೇರೆ ಬೇರೆ ಪರಿಣಾಮ ತೋರುವ ಲ್ಯಾಕ್ಟಿಕ್ ಆಮ್ಲಗಳು ಆಗಲೇ ರಸಾಯನಶಾಸ್ತ್ರಜ್ಞರ ಕೈಯಲ್ಲಿದ್ದವು. ಅವುಗಳ ವ್ಯತ್ಯಾಸಕ್ಕೆ ಕಾರಣ ಮಾತ್ರ ತಿಳಿದಿರಲಿಲ್ಲ.

ಈ ಎರಡು ಎಳೆಗಳನ್ನೂ ಹೆಣೆದವರು 22 ವರ್ಷದ ಯಾಕೋಬಸ್ ವಾಂಟ್ ಹಾಫ್. 1874ರ ಸೆಪ್ಟೆಂಬರಿನಲ್ಲಿ ಅವರು ಡಚ್ ಭಾಷೆಯಲ್ಲಿ ಒಂದು ಚಿಕ್ಕ ಪುಸ್ತಿಕೆಯನ್ನು ಪ್ರಕಟಿಸಿದರು. ಎರಡು ತಿಂಗಳ ಬಳಿಕ ಪ್ಯಾರಿಸ್ಸಿನಲ್ಲಿ ಜೋಸೆಫ್ ಲೆ ಬೆಲ್ ಅವರು ಬೇರೊಂದು ದಾರಿಯಿಂದ ಅದೇ ತೀರ್ಮಾನಕ್ಕೆ ಬಂದರು. ವಾಂಟ್ ಹಾಫ್ ತಮ್ಮ ವಿಚಾರವನ್ನು ವಿವರಿಸಲು ರಟ್ಟಿನ ಚತುಷ್ಫಲಕಗಳನ್ನು ಮಾಡಿ ಇತರ ರಸಾಯನಶಾಸ್ತ್ರಜ್ಞರಿಗೆ ಕಳುಹಿಸಿಕೊಟ್ಟರು. 1877ರಲ್ಲಿ ಹಿರಿಯ ರಸಾಯನಶಾಸ್ತ್ರಜ್ಞ ಹರ್ಮನ್ ಕೋಲ್ಬೆ ಇದನ್ನು ಕಟುವಾಗಿ ಟೀಕಿಸಿ, ಪಶುವೈದ್ಯ ಶಾಲೆಯೊಂದರ ಈ ಯುವಕನಿಗೆ ಕರಾರುವಾಕ್ಕಾದ ಸಂಶೋಧನೆಯ ರುಚಿಯಿಲ್ಲ ಎಂಬರ್ಥದಲ್ಲಿ ಬರೆದರು. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಬಂದದ್ದು ವಾಂಟ್ ಹಾಫ್ ಅವರಿಗೆ; ಅದು ಈ ಕೆಲಸಕ್ಕಲ್ಲ, ದ್ರಾವಣಗಳ ಮತ್ತು ಕ್ರಿಯಾವೇಗದ ಅಧ್ಯಯನಕ್ಕೆ. ನನ್ನ ದೃಷ್ಟಿಯಲ್ಲಿ ಅವರ ಕೆಲಸಗಳಲ್ಲಿ ಅತ್ಯಂತ ಆಳವಾದುದು ಮಾತ್ರ ಆ ಪುಟ್ಟ ಪುಸ್ತಿಕೆಯೇ. 1913ರಲ್ಲಿ ಬ್ರಾಗ್ ತಂದೆ-ಮಗ ಇಬ್ಬರೂ ಎಕ್ಸ್-ಕಿರಣಗಳಿಂದ ವಜ್ರದ ಹರಳನ್ನು ಪರೀಕ್ಷಿಸಿದಾಗ, ಅದರ ಪ್ರತಿ ಇಂಗಾಲದ ಸುತ್ತಲೂ ನಾಲ್ಕು ಇಂಗಾಲಗಳು ಚತುಷ್ಫಲಕದ ಮೂಲೆಗಳಲ್ಲಿ ನಿಂತಿರುವುದು ನೇರವಾಗಿ ಅಳತೆಗೆ ಸಿಕ್ಕಿತು. ತರ್ಕ ಹೇಳಿದ್ದನ್ನು ಉಪಕರಣ ಒಪ್ಪಲು 39 ವರ್ಷ ಹಿಡಿಯಿತು.

ಮೀಥೇನಿನ ಕೋನವನ್ನು ಎಲ್ಲರೂ 109.5 ಡಿಗ್ರಿ ಎಂದು ನೆನಪಿಟ್ಟುಕೊಳ್ಳುತ್ತಾರೆ. ಆ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನು ಒಂದು ಘನದ, ಅಂದರೆ ದಾಳದ ಆಕಾರದ ಪೆಟ್ಟಿಗೆಯ ಸಹಾಯದಿಂದ ಕಾಣಬಹುದು. ಪೆಟ್ಟಿಗೆಗೆ ಎಂಟು ಮೂಲೆಗಳು. ಒಂದು ಬಿಟ್ಟು ಒಂದರಂತೆ ನಾಲ್ಕು ಮೂಲೆಗಳನ್ನು ಆರಿಸಿ ಗುರುತು ಹಾಕಿದರೆ ಅವೇ ಚತುಷ್ಫಲಕದ ಮೂಲೆಗಳು. ಪೆಟ್ಟಿಗೆಯ ನಟ್ಟನಡುವೆ ಇಂಗಾಲ. ನಡುವಿನಿಂದ ಗುರುತಿಟ್ಟ ಯಾವ ಎರಡು ಮೂಲೆಗಳಿಗೆ ಗೆರೆ ಎಳೆದರೂ ಆ ಗೆರೆಗಳ ನಡುವಿನ ಕೋನದ ಕೊಸೈನ್ ಮೈನಸ್ ಮೂರನೇ ಒಂದು, ಅಂದರೆ ಕೋನ 109.47 ಡಿಗ್ರಿ. ಇದು ಮೀಥೇನನ್ನು ಅಳೆದು ಸಿಕ್ಕ ಸಂಖ್ಯೆಯಲ್ಲ, ಶುದ್ಧ ರೇಖಾಗಣಿತದ್ದು. ಅಳೆಯಬೇಕಾದದ್ದು ಬಂಧದ ಉದ್ದವನ್ನು: ಇಂಗಾಲದಿಂದ ಜಲಜನಕಕ್ಕೆ ಸುಮಾರು 109 ಪಿಕೋಮೀಟರ್, ಒಂದು ಪಿಕೋಮೀಟರ್ ಎಂದರೆ ಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು. ಕೋನದಲ್ಲೂ ಉದ್ದದಲ್ಲೂ 109 ಬಂದಿರುವುದು ಕಾಕತಾಳೀಯ ಮಾತ್ರ. ವಿದ್ಯಾರ್ಥಿಗಳಿಗೆ ನೆನಪಿಡಲು ಅನುಕೂಲ.

ಪರಮಾಣುಗಳು ಈ ಆಕಾರವನ್ನೇ ಏಕೆ ತಾಳುತ್ತವೆ? ನಾಲ್ಕು ಬಲೂನುಗಳನ್ನು ಒಂದೇ ಗಾತ್ರಕ್ಕೆ ಊದಿ ಅವುಗಳ ಕುತ್ತಿಗೆಗಳನ್ನು ಒಟ್ಟಿಗೆ ಬಿಗಿಯಾಗಿ ಕಟ್ಟಿದರೆ, ಅವು ಒಂದನ್ನೊಂದು ತಳ್ಳಿಕೊಂಡು ತಾವಾಗಿಯೇ ಚತುಷ್ಫಲಕದ ನಾಲ್ಕು ದಿಕ್ಕುಗಳಿಗೆ ಹೊರಳುತ್ತವೆ. ಒತ್ತಿ ಹಿಡಿದು ಚಪ್ಪಟೆ ಮಾಡಿದರೂ ಕೈ ಬಿಟ್ಟೊಡನೆ ಮತ್ತೆ ಅದೇ ಆಕಾರಕ್ಕೆ ಮರಳುತ್ತವೆ. ಅಣು ಚಪ್ಪಟೆಯಾಗಿದ್ದರೆ ನೆರೆಯ ಎಲೆಕ್ಟ್ರಾನ್ ಜೊತೆಗಳ ನಡುವೆ 90 ಡಿಗ್ರಿ ಅಂತರ, ಚತುಷ್ಫಲಕದಲ್ಲಿ 109.5. ಒಂದೇ ಬಗೆಯ ವಿದ್ಯುದಾವೇಶವುಳ್ಳ ಎಲೆಕ್ಟ್ರಾನ್ ಜೊತೆಗಳು ಪರಸ್ಪರ ಆದಷ್ಟು ದೂರ ಇರಬಯಸುತ್ತವೆ ಎಂಬ ಈ ವಿವರಣೆ ಸರಳವಾದರೂ ಉಪಯುಕ್ತ. ಅಮೋನಿಯಾದ 107 ಡಿಗ್ರಿ, ನೀರಿನ 104.5 ಡಿಗ್ರಿ ಕೋನಗಳನ್ನೂ ಇದೇ ದಾರಿಯಲ್ಲಿ ಅರ್ಥ ಮಾಡಿಕೊಳ್ಳಬಹುದು; ಅಲ್ಲಿ ಬಂಧದಲ್ಲಿಲ್ಲದ ಎಲೆಕ್ಟ್ರಾನ್ ಜೊತೆಗಳು ಹೆಚ್ಚು ಜಾಗ ಹಿಡಿದು ಉಳಿದವನ್ನು ಒತ್ತುತ್ತವೆ.

ಪಠ್ಯಪುಸ್ತಕಗಳಲ್ಲಿ ಇದರ ಜೊತೆಗೆ ಸಂಕರಣದ ವಿವರಣೆಯೂ ಬರುತ್ತದೆ. ಇಂಗಾಲದ ಎಲೆಕ್ಟ್ರಾನ್‌ಗಳು ಇರುವ ಪ್ರದೇಶಗಳಾದ ಕಕ್ಷಕಗಳಲ್ಲಿ ಎಸ್ ಎಂಬ ಬಗೆಯ ಒಂದು ಮತ್ತು ಪಿ ಎಂಬ ಬಗೆಯ ಮೂರು ಬೆರೆತು ನಾಲ್ಕು ಸಮಾನ ಕಕ್ಷಕಗಳಾಗುತ್ತವೆ ಎಂದು 1931ರಲ್ಲಿ ಲೈನಸ್ ಪಾಲಿಂಗ್ ತೋರಿಸಿದರು. ಇದು ಬಲು ಉಪಕಾರಿಯಾದ ಗಣಿತ, ಆದರೆ ಇದನ್ನು ಇಂಗಾಲ ಹಂತಹಂತವಾಗಿ ನಡೆಸುವ ಒಂದು ಘಟನೆ ಎಂಬಂತೆ ಪಾಠ ಹೇಳುವುದನ್ನು ನಾನು ಒಪ್ಪಲಾರೆ. ಮೀಥೇನಿನ ಮೇಲೆ ಹೆಚ್ಚು ಶಕ್ತಿಯ ಬೆಳಕನ್ನು ಬೀರಿ ಅದರ ಎಲೆಕ್ಟ್ರಾನ್‌ಗಳನ್ನು ಹೊರದೂಡಿ ಅಳೆದಾಗ, ನಾಲ್ಕು ಬಂಧಗಳಲ್ಲಿರುವ ಎಂಟು ಎಲೆಕ್ಟ್ರಾನ್‌ಗಳು ಒಂದೇ ಶಕ್ತಿಯಲ್ಲಿ ಹೊರಬರುವುದಿಲ್ಲ. ಎಲೆಕ್ಟ್ರಾನ್ ವೋಲ್ಟ್ ಎಂಬ ಶಕ್ತಿಯ ಮಾನದಲ್ಲಿ ಹೇಳುವುದಾದರೆ ಸುಮಾರು 14ರ ಹತ್ತಿರ ಒಂದು ಗುಂಪು, 23ರ ಹತ್ತಿರ ಇನ್ನೊಂದು. ಮೊದಲನೆಯದರಲ್ಲಿ ಆರು, ಎರಡನೆಯದರಲ್ಲಿ ಎರಡು. ಇದರಿಂದ ನಾಲ್ಕು ಬಂಧಗಳ ಸಮಾನತೆಗೆ ಭಂಗವಿಲ್ಲ. ಎಲೆಕ್ಟ್ರಾನ್‌ಗಳು ಒಂದೊಂದು ಬಂಧಕ್ಕೆ ಕಟ್ಟುಬಿದ್ದಿರದೆ ಇಡೀ ಅಣುವಿನ ಮೇಲೆ ಹರಡಿಕೊಂಡಿವೆ, ನಾವು ಎಳೆಯುವ ಗೆರೆಗಳು ಆ ಹರಹನ್ನು ನಾಲ್ಕು ಪಾಲು ಮಾಡಿ ನೋಡುವ ಒಂದು ಕ್ರಮ ಎಂದಷ್ಟೇ ಇದರ ಅರ್ಥ.

ಈ ಆಕಾರದ ಪರಿಣಾಮಗಳು ಅನಿಲದ ನಡತೆಯಲ್ಲೆಲ್ಲ ಕಾಣುತ್ತವೆ. ನಾಲ್ಕು ಕಡೆಗೂ ಸಮನಾಗಿ ಚಾಚಿಕೊಂಡಿರುವುದರಿಂದ ಅಣುವಿಗೆ ಧನ-ಋಣ ತುದಿಗಳಿಲ್ಲ. ಅಣು ಅಣುಗಳ ನಡುವೆ ಸೆಳೆತ ತೀರಾ ಕಡಿಮೆ. ಆದ್ದರಿಂದಲೇ ಮೀಥೇನ್ ದ್ರವವಾಗಲು ಮೈನಸ್ 161.5 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಯಬೇಕು. ಮೈನಸ್ 82.6 ಡಿಗ್ರಿಗಿಂತ ಮೇಲೆ ಎಷ್ಟೇ ಒತ್ತಿದರೂ ಅದು ದ್ರವವಾಗುವುದಿಲ್ಲ, ಹಾಗಾಗಿ ಪ್ರೊಪೇನನ್ನು ದ್ರವವಾಗಿ ಸಿಲಿಂಡರಿನಲ್ಲಿ ತುಂಬಿಡುವಂತೆ ಮೀಥೇನನ್ನು ತುಂಬಿಡಲಾಗದು. ಹಡಗುಗಳಲ್ಲಿ ಸಾಗಿಸುವಾಗ ಅದನ್ನು ಕೊರೆಯುವ ಚಳಿಯಲ್ಲೇ ಇಡಬೇಕಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ; ಕೊಳವೆಯಲ್ಲಿ ಬರುವ ಅನಿಲದ ನಾತ ಸೋರಿಕೆ ತಿಳಿಯಲೆಂದು ಬೆರೆಸಿದ ಗಂಧಕದ ಸಂಯುಕ್ತದ್ದು. ಗಾಳಿಯಲ್ಲಿ ಸುಮಾರು 5ರಿಂದ 15 ಶೇಕಡಾ ಬೆರೆತಾಗ ಅದು ಸ್ಫೋಟಕ, ಈ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಇಂಗಾಲ-ಜಲಜನಕ ಬಂಧಗಳು ಗಟ್ಟಿ: ಮೊದಲ ಜಲಜನಕವನ್ನು ಕಿತ್ತುಹಾಕಲು ಒಂದು ಮೋಲ್‌ಗೆ, ಅಂದರೆ 16 ಗ್ರಾಂ ಮೀಥೇನಿಗೆ, 439 ಕಿಲೋಜೂಲ್ ಬೇಕು. ಕಿಡಿ ಸೋಕದಿದ್ದರೆ ಅದು ಗಾಳಿಯೊಡನೆ ಸುಮ್ಮನೆ ಇರುವುದು ಅದಕ್ಕಾಗಿಯೇ. ಒಮ್ಮೆ ಹೊತ್ತಿದರೆ ಮೋಲ್‌ಗೆ 890 ಕಿಲೋಜೂಲ್ ಶಾಖ ಹೊರಬರುತ್ತದೆ.

ಧನ-ಋಣ ತುದಿಗಳಿಲ್ಲದ ಅಣು ಶಾಖದ ಕಿರಣಗಳನ್ನು ಹೀರಬಾರದಲ್ಲ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಅಣು ಸದಾ ಕಂಪಿಸುತ್ತಿರುತ್ತದೆ. ನಾಲ್ಕು ಬಂಧಗಳೂ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುವ ಕಂಪನದಲ್ಲಿ ಸಮತೋಲ ಕೆಡುವುದಿಲ್ಲವಾದ್ದರಿಂದ ಅದು ಕಿರಣಗಳನ್ನು ಹೀರುವುದಿಲ್ಲ. ಆದರೆ ಜಲಜನಕಗಳು ಅತ್ತಿತ್ತ ಬಾಗುವ ಕಂಪನದಲ್ಲಿ ಅಣು ಕ್ಷಣಕಾಲ ಓರೆಯಾಗಿ, ತುದಿಗಳು ಹುಟ್ಟುತ್ತವೆ; ಆಗ ಸುಮಾರು 7.7 ಮೈಕ್ರೋಮೀಟರ್ ತರಂಗದೂರದ ಅವಕೆಂಪು ಕಿರಣವನ್ನು ಅದು ಹೀರುತ್ತದೆ. ಭೂಮಿ ಆಕಾಶಕ್ಕೆ ಬಿಡುವ ಶಾಖದಲ್ಲಿ ಈ ಕಿರಣಗಳೂ ಸೇರಿವೆ. 20 ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ ಒಂದು ಟನ್ ಮೀಥೇನ್ ಒಂದು ಟನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ. ವಾತಾವರಣದಲ್ಲಿ ಅದರ ಬಾಳು ಹನ್ನೆರಡು ವರ್ಷದ ಆಸುಪಾಸು. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ನೂರು ಕೋಟಿ ಅಣುಗಳಲ್ಲಿ ಸುಮಾರು 700 ಮೀಥೇನ್ ಇದ್ದವು, ಈಗ 1,900ಕ್ಕೂ ಹೆಚ್ಚು. ಐದು ಪರಮಾಣುಗಳ ಈ ಅಣು ಹೇಗೆ ಬಾಗುತ್ತದೆ ಎಂಬುದು ಭೂಮಿಯ ಉಷ್ಣತೆಯ ಲೆಕ್ಕದಲ್ಲಿ ಬರುವ ವಿಷಯವಾಗಿದೆ.

ಕೊನೆಗೆ, ಚತುಷ್ಫಲಕದ ನಿಶ್ಚಿತತೆ ಎಲ್ಲಿ ಸಡಿಲವಾಗುತ್ತದೆ ಎಂಬುದನ್ನೂ ಹೇಳಬೇಕು. 1952ರಲ್ಲಿ ಸೋವಿಯತ್ ವಿಜ್ಞಾನಿಗಳಾದ ತಾಲ್ರೋಜೆ ಮತ್ತು ಲ್ಯುಬಿಮೋವಾ ಅವರು ಕಣಗಳನ್ನು ರಾಶಿಗೆ ತಕ್ಕಂತೆ ಬೇರ್ಪಡಿಸುವ ರಾಶಿ ರೋಹಿತಮಾಪಕದಲ್ಲಿ ಮೀಥೇನಿನ ಅಯಾನುಗಳನ್ನು (ವಿದ್ಯುದಾವೇಶವುಳ್ಳ ಕಣಗಳನ್ನು) ಗಮನಿಸುತ್ತಿದ್ದಾಗ ಒಂದು ಇಂಗಾಲಕ್ಕೆ ಐದು ಜಲಜನಕಗಳಿರುವ ಧನ ಅಯಾನು ಸಿಕ್ಕಿತು: ಮೀಥೇನಿಗೆ ಒಂದು ಪ್ರೋಟಾನ್ ಬಂದು ಸೇರಿದಾಗ ಆಗುವ ಸಿಎಚ್₅⁺. ನಾಲ್ಕು ಕೈಗಳ ಇಂಗಾಲ ಐದನ್ನು ಹೇಗೆ ಹಿಡಿಯುತ್ತದೆ? ಲೆಕ್ಕಗಳ ಪ್ರಕಾರ ಮೂರು ಜಲಜನಕಗಳು ಮುಕ್ಕಾಲಿಯಂತೆ ನಿಂತು, ಉಳಿದೆರಡು ಇಂಗಾಲದೊಡನೆ ಸೇರಿ ಒಂದೇ ಜೊತೆ ಎಲೆಕ್ಟ್ರಾನ್‌ಗಳನ್ನು ಮೂವರೂ ಹಂಚಿಕೊಳ್ಳುತ್ತವೆ. ಆದರೆ ಯಾವ ಎರಡು ಎಂಬುದು ನಿಲ್ಲುವುದೇ ಇಲ್ಲ. ಐದು ಜಲಜನಕಗಳನ್ನು ಜೋಡಿಸಬಹುದಾದ 120 ರೀತಿಗಳ ನಡುವಿನ ಅಡ್ಡಿ ಇಲ್ಲವೇ ಇಲ್ಲವೆಂಬಷ್ಟು ಕಡಿಮೆ ಇರುವುದರಿಂದ, ಅವು ಎಡೆಬಿಡದೆ ಸ್ಥಾನ ಬದಲಿಸುತ್ತಿರುತ್ತವೆ. 1999ರಲ್ಲಿ ತಾಕೇಶಿ ಓಕಾ ಮತ್ತು ಅವರ ಜೊತೆಗಾರರು ಅದರ ಅವಕೆಂಪು ರೋಹಿತವನ್ನು ಪ್ರಕಟಿಸಿದಾಗ ಅದರಲ್ಲಿ ನೂರಾರು ಗೆರೆಗಳಿದ್ದವು, ಯಾವ ಗೆರೆ ಯಾವ ಚಲನೆಯದೆಂದು ಹೇಳಲಾಗಲಿಲ್ಲ. ಮೇಜಿನ ಮೇಲಿನ ಮಣ್ಣಿನ ಉಂಡೆಗೆ ನಾಲ್ಕು ಕಡ್ಡಿಗಳನ್ನು ಚುಚ್ಚುವ ಜಾಗ ನಮಗೆ ಖಚಿತವಾಗಿ ಗೊತ್ತಿದೆ. ಐದನೆಯದನ್ನು ಕೈಯಲ್ಲಿ ಹಿಡಿದು ನಿಂತರೆ, ಚುಚ್ಚಲು ಅಲ್ಲೊಂದು ನಿಂತ ಜಾಗವೇ ಇಲ್ಲ.